ಗುಂಗಿ ಹುಳ ಉಳಿಸೋಕೆ ನಮ್ಮ ಕಡೆ ಏನು ಮಾಡಬಹುದು? ಧಾರವಾಡ, ಗದಗ, ಹಾವೇರಿಯವರು ಬರೆಯಿರಿ

ಸುಮಾ, ಸಾಧನಕೇರಿ

ಎಲ್ಲರಿಗೂ ನಮಸ್ಕಾರ. ಬ್ರಿಟನ್ ಮತ್ತು ಐರ್ಲೆಂಡಿನ ಗುಡ್ಡಗಳಲ್ಲಿ ಬಿಲ್ಬೆರಿ ಬಂಬಲ್‌ಬೀ ಅಂತ ಒಂದು ದುಂಬಿ ಇದೆ. ಹೊಟ್ಟೆಯ ಹಿಂಭಾಗ ಅರ್ಧಕ್ಕಿಂತ ಜಾಸ್ತಿ ಕೆಂಪು. ಬೋಳು ಗುಡ್ಡದ ಮೇಲಿನ ಬಿಲ್ಬೆರಿ, ಹೆದರ್ ಪೊದೆಗಳ ಹೂವು ಅದರ ಮುಖ್ಯ ಊಟ. ಕುರಿ ಮೇಯಿಸೋದು ಮಿತಿಮೀರಿ, ಪೊದೆಗೆ ಬೆಂಕಿ ಬಿದ್ದು, ಹೂವಿನ ಹುಲ್ಲುಗಾವಲು ಸಣ್ಣದಾಗಿ ಅದು ಹಿಂದೆ ಸರಿಯುತ್ತಿದೆ. ಬ್ರಿಟನ್ನಿನಲ್ಲಿ ಬಂಬಲ್‌ಬೀಗಾಗಿಯೇ 2006ರಲ್ಲಿ ಒಂದು ಟ್ರಸ್ಟ್ ಹುಟ್ಟಿಕೊಂಡಿತು. ಸಾಮಾನ್ಯ ಜನ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಅದೇ ದಾರಿಯಲ್ಲಿ ನಡೆದು, ಕಂಡ ದುಂಬಿಗಳನ್ನು ಎಣಿಸಿ ಬರೆದಿಡುತ್ತಾರೆ.

ನಮ್ಮ ಕಡೆ ಬಂಬಲ್‌ಬೀ ಇಲ್ಲ. ಭಾರತದಲ್ಲಿ ಅವುಗಳ ಊರು ಹಿಮಾಲಯ. ಆದರೆ ಅಷ್ಟೇ ದಪ್ಪ, ಅಷ್ಟೇ ಸದ್ದು ಮಾಡೋ ಗುಂಗಿ ಹುಳ ಇದೆಯಲ್ಲ, ಕಟ್ಟಿಗೆ ಕೊರೆಯೋ ಕರಿ ದುಂಬಿ? ಅದರ ಬಗ್ಗೆ ಯಾರೂ ಮಾತಾಡಲ್ಲ. ಹುಲಿ, ಕೃಷ್ಣಮೃಗ, ಎರೆಭೂತ ಹಕ್ಕಿ ಅಂದರೆ ಪತ್ರಿಕೆಯಲ್ಲಿ ಜಾಗ ಸಿಗುತ್ತದೆ. ಜೇನು ಅಂದರೂ ಸಿಗುತ್ತದೆ. ಇದಕ್ಕೆ ಮಾತ್ರ ಇಲ್ಲ.

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮ ಆಯಿತು. ಗುಡ್ಡ ಉಳಿದರೆ ಹುಳವೂ ಉಳಿಯುತ್ತದೆ ಅಂತ ಸುಮ್ನೆ ಇರಬಹುದಾ? ನಿಮ್ಮ ಅನುಭವ ಬೇಕು.

ಮಸಾರಿ ಹೊಲ, ಮುಂಡರಗಿ

ಸುಮಾ ಮೇಡಂ, ಗುಡ್ಡದ ಕಥೆ ನಮಗೆ ಗೊತ್ತು. 2015ರಲ್ಲಿ ಸಂರಕ್ಷಿತ ಮೀಸಲು ಅಂದರು, ಮುಂದಿನ ವರ್ಷ ಹಿಂದಕ್ಕೆ ತಗೊಂಡರು, ಜನ ಬೀದಿಗೆ ಇಳಿದ ಮೇಲೆ 2017ರಲ್ಲಿ ವಾಪಸ್ ಕೊಟ್ಟರು, ಆಮೇಲೆ ಧಾಮ ಆಯಿತು. ಒಳ್ಳೇದೇ ಆಯಿತು. ಆದರೆ ಗುಂಗಿ ಹುಳ ಬದುಕೋದು ಗುಡ್ಡದಲ್ಲಿ ಮಾತ್ರ ಅಲ್ಲ. ನಮ್ಮ ಹೊಲದ ಬದುವಿನ ಮೇಲೆ.

ಬದು ಅಂದರೆ ಮೊದಲು ಆಳೆತ್ತರ ಗಿಡ ಇರುತ್ತಿದ್ದವು. ಎಕ್ಕೆ, ತಂಗಡಿ, ಲಕ್ಕಿ, ಬಾರೆ, ನಡುವೆ ಒಂದೊಂದು ಬೇವು, ಹೊಂಗೆ. ಈಗ ಜೆಸಿಬಿ ಕರೆಸಿ ಬದು ಕೆತ್ತುತ್ತಾರೆ, ಎರಡು ಸಾಲು ಜಾಸ್ತಿ ಬಿತ್ತುತ್ತಾರೆ. ಉಳಿದ ಚೂರಿಗೆ ಕಳೆನಾಶಕ. ಬೇಲಿ ಹೋಗಿ ಕಲ್ಲುಕಂಬ, ತಂತಿ ಬಂತು. ಒಣಗಿದ ಟೊಂಗೆ ಒಂದೂ ನಿಲ್ಲಲ್ಲ, ಸಂಜೆಯೊಳಗೆ ಒಲೆ ಸೇರುತ್ತದೆ. ಹುಳಕ್ಕೆ ಊಟವೂ ಹೋಯಿತು, ಮನೆಯೂ ಹೋಯಿತು.

ನಾನೇನು ಸಾಧು ಅಲ್ಲ, ನಮ್ಮ ಹೊಲದ ಒಂದು ಬದಿಗೂ ತಂತಿಯೇ ಇದೆ. ಹಂದಿ ಕಾಟ.

ಕಿರಣ್, ಹುಬ್ಬಳ್ಳಿ

ಉಳಿಸೋಣ ಅನ್ನೋರು ಒಂದು ಸಲ ನಮ್ಮ ಅಜ್ಜನ ಮನೆಗೆ ಬನ್ನಿ. ಕುಂದಗೋಳದ ಹತ್ತಿರ, ಹಳೇ ಮಾಳಿಗೆ ಮನೆ. ಪಡಸಾಲೆಯ ಜಂತಿ ತುಂಬಾ ತೂತು. ಮಧ್ಯಾಹ್ನ ಮಲಗಿದರೆ ಕರಕರ ಸದ್ದು, ಹಾಸಿಗೆ ಮೇಲೆ ಕಟ್ಟಿಗೆ ಹುಡಿ, ಗೋಡೆ ಮೇಲೆ ಹಳದಿ ಗೆರೆ. ಕಾಕಾ ಸೀಮೆಎಣ್ಣೆ ಬತ್ತಿ ತುರುಕಿ ಸಿಮೆಂಟು ಮೆತ್ತಿದರು. ಮುಂದಿನ ಬೇಸಿಗೆಗೆ ಪಕ್ಕದಲ್ಲೇ ಹೊಸ ತೂತು. ಕಟ್ಟಿಗೆ ತಿನ್ನೋ ಹುಳಕ್ಕೆ ಸಂರಕ್ಷಣೆ ಯಾಕೆ ಸ್ವಾಮಿ? ಗೆದ್ದಲಿಗೂ ಒಂದು ಟ್ರಸ್ಟ್ ಮಾಡೋಣವಾ?

ಬಡಿಗೇರ ಕಾಕಾ, ಗದಗ

ತಮ್ಮಾ ಕಿರಣ್, ಗೆದ್ದಲು ಬೇರೆ, ಇದು ಬೇರೆ. ಗೆದ್ದಲು ಕಟ್ಟಿಗೆ ತಿನ್ನುತ್ತದೆ. ಗುಂಗಿ ತಿನ್ನಲ್ಲ, ಹಲ್ಲಿನಿಂದ ಕೆರೆದು ಹುಡಿ ಹೊರಗೆ ಚೆಲ್ಲುತ್ತದೆ. ಹಾಸಿಗೆ ಮೇಲೆ ಬಿದ್ದದ್ದು ಅದೇ.

ಹಳೇ ತೊಲೆ ಸೀಳಿದಾಗ ನಾನು ಒಳಗೆ ನೋಡಿದ್ದೇನೆ. ತೂತು ಬೆರಳು ಹೋಗುವಷ್ಟು, ಗಿರ್ಮಿಟ್ ಹಾಕಿದರೂ ಅಷ್ಟು ದುಂಡಗೆ ಬರಲ್ಲ. ಸ್ವಲ್ಪ ಒಳಗೆ ಹೋದ ಮೇಲೆ ಹೊರಳಿ ಕಟ್ಟಿಗೆಯ ಎಳೆಯ ಜೊತೆಗೇ ಸಾಗುತ್ತದೆ. ಅಲ್ಲಿ ಸಾಲಾಗಿ ಕೋಣೆ. ಕೋಣೆಗೊಂದು ಹಳದಿ ಹಿಟ್ಟಿನ ಉಂಡೆ, ಅದರ ಮೇಲೆ ಬೆಳ್ಳಗೆ ಬಾಗಿದ ಮೊಟ್ಟೆ. ಕೋಣೆ ಕೋಣೆಗೂ ನಡುವೆ ಹುಡಿಯನ್ನೇ ಅಂಟಿಸಿ ಮಾಡಿದ ತೆಳ್ಳಗಿನ ಬಿಲ್ಲೆ. ಅಂಥ ಕೆಲಸ ನಮ್ಮ ಹುಡುಗರ ಕೈಯಲ್ಲಿ ಮಾಡಿಸೋಕೆ ನನಗೆ ಆಗಿಲ್ಲ.

ನಿಮ್ಮ ಕಾಕಾ ತೂತಿಗೆ ಸಿಮೆಂಟು ಹಾಕಿದರು, ಅದಕ್ಕೇ ಅದು ಹೊಸದು ಕೊರೆಯಿತು. ಹಳೇ ಗೂಡು ತೆರೆದಿದ್ದರೆ ಅದನ್ನೇ ಮತ್ತೆ ಬಳಸುತ್ತದೆ. ಅದಕ್ಕೆ ಬೇಕಾಗೋದು ಒಣಗಿದ, ಬಣ್ಣ ಇಲ್ಲದ, ಮೆತ್ತಗಿನ ಕಟ್ಟಿಗೆ. ಗಟ್ಟಿ ಸಾಗವಾನಿಗೆ ವಾರ್ನಿಷ್ ಹೊಡೆದಿದ್ದರೆ ಹತ್ತಿರ ಬರೋದು ಕಡಿಮೆ. ನಾನು ಗಿರಾಕಿಗಳಿಗೆ ಹೇಳೋದು ಇಷ್ಟೇ. ಒಳಗಿನ ಮರಿಗಳೆಲ್ಲ ಹಾರಿಹೋದ ಮೇಲೆ ತೂತಿಗೆ ಕಟ್ಟಿಗೆಯ ಗೂಟ ಹೊಡೆಯಿರಿ, ಜಂತಿಗೆ ಬಣ್ಣ ಹಚ್ಚಿ. ಜೊತೆಗೆ ಹಿತ್ತಲಲ್ಲಿ ಸೂರಿನ ಕೆಳಗೆ ಒಣ ಬಿದಿರು, ಇಲ್ಲವೇ ಹಳೇ ತೊಲೆಯ ತುಂಡು ಕಟ್ಟಿಬಿಡಿ. ಬೇರೆ ಜಾಗ ಕೊಡದೆ ಬರೀ ಓಡಿಸಿದರೆ ಮತ್ತೆ ನಿಮ್ಮ ಜಂತಿಗೇ ಬರುತ್ತದೆ.

ಕಿರಣ್, ಹುಬ್ಬಳ್ಳಿ

ಸರಿ ಕಾಕಾ. ಆದರೆ ಬಾಗಿಲಲ್ಲಿ ಮುಖದ ಮುಂದೇ ನಿಂತು ಗುಂಯ್ ಅನ್ನುತ್ತದಲ್ಲ, ಮಕ್ಕಳು ಹೆದರುತ್ತವೆ.

ಕೀಟದ ಹುಚ್ಚಿ, ಧಾರವಾಡ

ಕಿರಣ್ ಸರ್, ಹಾಗೆ ಮುಖದ ಮುಂದೆ ನಿಲ್ಲೋದು ಸಾಮಾನ್ಯವಾಗಿ ಗಂಡು. ಅದಕ್ಕೆ ಮುಳ್ಳೇ ಇಲ್ಲ. ಚುಚ್ಚೋಕೆ ಬರೋದು ಹೆಣ್ಣಿಗೆ ಮಾತ್ರ, ಅದೂ ಕೈಯಲ್ಲಿ ಹಿಡಿದು ಒತ್ತಿದರೆ. ನಮ್ಮ ಕಡೆ ಕಾಣೋ ಒಂದು ಜಾತಿಯಲ್ಲಿ ಹೆಣ್ಣಿನ ಮೈ ಕಪ್ಪು, ಬೆನ್ನ ಮೇಲೆ ಮಾತ್ರ ಹಳದಿ ಮಖಮಲ್ಲು. ಗಂಡು ಮೈಯೆಲ್ಲ ಬಂಗಾರದ ಬಣ್ಣ. ಎರಡನ್ನೂ ನೋಡಿದವರು ಬೇರೆ ಬೇರೆ ಹುಳ ಅಂದುಕೊಳ್ಳುತ್ತಾರೆ.

ನಾನು ಕೃಷಿ ಓದುತ್ತಿದ್ದೇನೆ, ಕೀಟಶಾಸ್ತ್ರ ನನ್ನ ವಿಷಯ. ಸುಮಾ ಅಕ್ಕನ ಪ್ರಶ್ನೆಗೆ ಉತ್ತರ ಅದರ ಹುಟ್ಟಿನಲ್ಲೇ ಇದೆ. ಹೆಜ್ಜೇನಿನ ಹುಟ್ಟಿಯಲ್ಲಿ ಸಾವಿರಗಟ್ಟಲೆ ಮರಿ. ಗುಂಗಿ ಹಾಗಲ್ಲ. ಒಂದು ತಾಯಿ, ಒಂದು ಸುರಂಗ, ಬೆರಳಲ್ಲಿ ಎಣಿಸುವಷ್ಟು ಮೊಟ್ಟೆ. ಮೊಟ್ಟೆಯೋ, ಕೀಟಗಳ ಲೋಕದಲ್ಲೇ ಅತಿ ದೊಡ್ಡವುಗಳ ಸಾಲಿನದು. ಸಂತಾನ ಕಡಿಮೆ, ಆರೈಕೆ ಜಾಸ್ತಿ. ಹಾಗಾಗಿ ಗೂಡಿನ ಹೊತ್ತಿನಲ್ಲಿ ಒಂದು ಹೆಣ್ಣು ಸತ್ತರೆ ಆ ಸಾಲೇ ಹೋಯಿತು. ಬಂಬಲ್‌ಬೀಯಲ್ಲೂ ಇದೇ ರೀತಿಯ ಕಷ್ಟ ಇದೆ. ಚಳಿ ಬಂದಾಗ ಇಡೀ ಕುಟುಂಬ ಸಾಯುತ್ತದೆ, ಹೊಸ ರಾಣಿಗಳು ಮಾತ್ರ ನೆಲದಲ್ಲಿ ಮಲಗಿ ಉಳಿಯುತ್ತವೆ. ವಸಂತದಲ್ಲಿ ಎದ್ದ ರಾಣಿಗೆ ಹೂವು ಸಿಗದಿದ್ದರೆ ಆ ವರ್ಷದ ಗೂಡೇ ಇಲ್ಲ.

ಇನ್ನು ಉಪಯೋಗ. ಹಿತ್ತಲಲ್ಲಿ ಬದನೆ ಗಿಡ ಇದ್ದವರು ಹೂವನ್ನು ಹತ್ತಿರದಿಂದ ನೋಡಿ. ನಡುವೆ ಹಳದಿ ಕೊಳವೆಗಳು ಇರುತ್ತವೆ. ಪರಾಗ ಅದರ ಒಳಗೆ, ತುದಿಯಲ್ಲಿ ಸಣ್ಣ ತೂತು, ಥೇಟ್ ಉಪ್ಪಿನ ಡಬ್ಬಿ. ಅಲುಗಾಡಿಸದೆ ಬೀಳಲ್ಲ. ಗುಂಗಿ ಬಂದು ಕೊಳವೆಗಳನ್ನು ಕಾಲಲ್ಲಿ ತಬ್ಬಿಕೊಳ್ಳುತ್ತದೆ, ರೆಕ್ಕೆ ಮಡಚಿ ಎದೆಯ ಸ್ನಾಯು ಮಾತ್ರ ನಡುಗಿಸುತ್ತದೆ. ಪರಾಗ ಹೊಟ್ಟೆ ಮೇಲೆ ಸುರಿಯುತ್ತದೆ. ಟೊಮೆಟೊ ಹೂವಿಗೂ ಇದೇ, ಬದುವಿನ ತಂಗಡಿಗೂ ಇದೇ. ಜೇನುಹುಳಕ್ಕೆ ಈ ವಿದ್ಯೆ ಬರಲ್ಲ. ಬಂಬಲ್‌ಬೀಗೆ ಬರುತ್ತದೆ, ನಮ್ಮ ನೀಲಿ ಪಟ್ಟೆಯ ಸಣ್ಣ ದುಂಬಿಗೂ ಬರುತ್ತದೆ.

ಷಡ್ಜ, ಧಾರವಾಡ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಸರ ಬೇಡ. ನಾನು ಹಾಡು ಕಲಿಯುವವಳು. ಹಾರುವಾಗ ಒಂದು ಸ್ವರ ಹಿಡಿದ ಗುಂಗಿ, ಬದನೆ ಹೂವಿನ ಮೇಲೆ ಕೂತ ತಕ್ಷಣ ಮೇಲಿನ ಸ್ವರಕ್ಕೆ ಏರುತ್ತದೆ, ಚುಟುಕು ಚುಟುಕಾಗಿ. ತಾನಪುರ ಶ್ರುತಿ ಮಾಡುವ ಹೊತ್ತಿಗೆ ಹಿತ್ತಲಿಂದ ಅದು ಬಂದರೆ ನನ್ನ ಶ್ರುತಿಯೇ ಕೆಡುತ್ತದೆ. ಅದಕ್ಕೆ ಕಾರಣ ಇದೇನಾ?

ಕೀಟದ ಹುಚ್ಚಿ, ಧಾರವಾಡ

ಇದೇ ಅಕ್ಕಾ! ಹೂವಿನ ಮೇಲಿನ ನಡುಕ ಹಾರಾಟದ ನಡುಕಕ್ಕಿಂತ ವೇಗ. ಶಾಲೆಯ ಪ್ರಯೋಗಾಲಯದ ಶ್ರುತಿಕವಲು (ಟ್ಯೂನಿಂಗ್ ಫೋರ್ಕ್) ಬಡಿದು ಬದನೆ ಹೂವಿಗೆ ಮುಟ್ಟಿಸಿ ನೋಡಿ, ಪರಾಗ ಹುಡಿಹುಡಿಯಾಗಿ ಉದುರುತ್ತದೆ. ಮಕ್ಕಳಿಗೆ ತೋರಿಸಿದರೆ ಕುಣಿಯುತ್ತಾರೆ.

ಬ್ಯಾಡಗಿ ಖಾರ

ನಮ್ಮ ಮೆಣಸಿನಕಾಯಿಗೂ ಈ ನಡುಕ ಬೇಕಾ?

ಕೀಟದ ಹುಚ್ಚಿ, ಧಾರವಾಡ

ಬೇಡ. ಬದನೆಯ ಕುಟುಂಬವೇ ಆದರೂ ಮೆಣಸಿನ ಪರಾಗಕೋಶ ಉದ್ದಕ್ಕೆ ಸೀಳಿ ತೆರೆಯುತ್ತದೆ, ಸಾಮಾನ್ಯ ಹುಳ ಸಾಕು. ಬದನೆಯೂ ಗಾಳಿಗೆ ಒಂದಷ್ಟು ಕಾಯಿ ಕಟ್ಟುತ್ತದೆ, ಹುಳ ಇಲ್ಲದಿದ್ದರೆ ಕಾಯಿಯೇ ಇಲ್ಲ ಅಂತಲ್ಲ. ಆದರೆ ಎಕ್ಕೆಗೆ ಮುಖ್ಯವಾಗಿ ಗುಂಗಿಯೇ ಆಗಬೇಕು. ಎಕ್ಕೆ ಹೂವಿನಲ್ಲಿ ಪರಾಗ ಪುಡಿಯಾಗಿ ಇರಲ್ಲ, ಗಂಟಾಗಿರುತ್ತದೆ. ಹುಳದ ಕಾಲಿಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ. ಅದನ್ನು ಕಿತ್ತು ಎಳೆದುಕೊಂಡು ಹೋಗೋಕೆ ದೊಡ್ಡ ಮೈ ಬೇಕು, ಸಣ್ಣ ಹುಳ ಅಲ್ಲೇ ಸಿಕ್ಕಿಬೀಳುತ್ತದೆ. ಶನಿವಾರ ನುಗ್ಗಿಕೇರಿ ಹನುಮಪ್ಪಗೆ ಎಕ್ಕೆ ಹಾರ ಹಾಕುವವರು ಗುಂಗಿಗೂ ಒಂದು ನಮಸ್ಕಾರ ಹಾಕಬಹುದು.

ರತ್ನಕ್ಕ, ರಾಣೆಬೆನ್ನೂರು

ಹುಳದ ಕೆಲಸ ಕೈಯಿಂದ ಮಾಡೋದು ಎಷ್ಟು ಕಷ್ಟ ಅಂತ ನನ್ನನ್ನು ಕೇಳಿ. ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್ ಕೆಲಸ ಮಾಡಿದವಳು ನಾನು. ಸಂಜೆ ಮೊಗ್ಗಿನ ಗಂಡುಭಾಗ ಉಗುರಿನಿಂದ ಕಿತ್ತು ಗುರುತಿಗೆ ಚೀಟಿ ಸಿಕ್ಕಿಸಬೇಕು. ಬೆಳಗ್ಗೆ ಬಂದು ಗಂಡುಹೂವು ತಂದು ಒಂದೊಂದಕ್ಕೂ ಉಜ್ಜಬೇಕು. ಬೆನ್ನು ಬಾಗಿಸಿಕೊಂಡೇ ಇರಬೇಕು. ಒಂದು ದಿನ ತಪ್ಪಿದರೆ ಆ ಹೂವು ಹೋಯಿತು. 1972ರಲ್ಲಿ ಧಾರವಾಡದಲ್ಲಿ ವರಲಕ್ಷ್ಮಿ ಅನ್ನೋ ಹೈಬ್ರಿಡ್ ಹತ್ತಿ ಬಂದ ಮೇಲೆ ನಮ್ಮ ಸೀಮೆಗೆ ಈ ಕೆಲಸ ಬಂತು, ಎಷ್ಟೋ ಮನೆ ಒಲೆ ಉರಿಯಿತು, ಅದನ್ನು ಅಲ್ಲಗಳೆಯಲ್ಲ. ಆದರೆ ಬದನೆಗೂ ತೊಗರಿಗೂ ಹೀಗೆ ಕೂಲಿ ಕೊಟ್ಟು ಉಜ್ಜಿಸುವ ಕಾಲ ಬಂದರೆ ತರಕಾರಿ ತಿಂದಂಗೇ.

ಪಾಲಿಹೌಸ್ ಪ್ರವೀಣ

ಇಷ್ಟೆಲ್ಲ ಯಾಕೆ? ಯುರೋಪಿನಲ್ಲಿ 1980ರ ದಶಕದ ಕೊನೆಯಿಂದ ಬಂಬಲ್‌ಬೀ ಪೆಟ್ಟಿಗೆ ಮಾರುತ್ತಾರೆ. ಟೊಮೆಟೊ ಪಾಲಿಹೌಸಿನಲ್ಲಿ ಇಟ್ಟರೆ ಮುಗಿಯಿತು. ಇಲ್ಲಿ ನಾವು ಬೆಳಗ್ಗೆ ಎದ್ದು ತಂತಿ ಬಡಿದು ಗಿಡ ಅಲುಗಾಡಿಸುತ್ತೇವೆ. ತರಿಸಿಕೊಂಡರೆ ಏನು ತಪ್ಪು?

ಕೀಟದ ಹುಚ್ಚಿ, ಧಾರವಾಡ

ತಪ್ಪಿದೆ ಪ್ರವೀಣಣ್ಣ. ಚಿಲಿ ದೇಶ 1990ರ ದಶಕದ ಕೊನೆಗೆ ಹಾಗೇ ಯುರೋಪಿನ ಬಂಬಲ್‌ಬೀ ತರಿಸಿತು. ಅದು ಪಾಲಿಹೌಸ್ ಬಿಟ್ಟು ಹೊರಬಿತ್ತು, ಆಂಡಿಸ್ ಪರ್ವತ ದಾಟಿ ಅರ್ಜೆಂಟೀನಾಕ್ಕೂ ಹೋಯಿತು. ಅಲ್ಲಿಯ ಸ್ವಂತದ್ದು, ಕಿತ್ತಳೆ ಬಣ್ಣದ ದೈತ್ಯ ಬಂಬಲ್‌ಬೀ, ಜಗತ್ತಿನಲ್ಲೇ ಅತಿ ದೊಡ್ಡದು, ಊರೂರಿಂದ ಮಾಯವಾಯಿತು. ಹೊಸಬರ ಜೊತೆ ರೋಗವೂ ಬರುತ್ತದೆ, ಹೂವಿನ ಪೈಪೋಟಿಯೂ ಬರುತ್ತದೆ.

ಹಿಮಾಚಲದ ನೌಣಿ ವಿಶ್ವವಿದ್ಯಾಲಯದಲ್ಲಿ ಅಲ್ಲಿಯದೇ ಬಂಬಲ್‌ಬೀ ಸಾಕಿ ಪಾಲಿಹೌಸ್ ಟೊಮೆಟೊಗೆ ಬಳಸಿ ನೋಡಿದ್ದಾರೆ. ಅದು ಅವರ ಹುಳ, ಅವರ ಚಳಿ. ನಮ್ಮ ಬಿಸಿಲಿಗೆ ನಮ್ಮ ಗುಂಗಿ ಇದೆ. ಪಾಲಿಹೌಸ್ ಪಕ್ಕದಲ್ಲಿ ಒಣ ಬಿದಿರಿನ ಕಂತೆ ಕಟ್ಟಿ, ಬೇಲಿಗೆ ತಂಗಡಿ ಹಾಕಿ. ಹೊರಗಿನ ಬದನೆಗೆ ಖಂಡಿತ ಲಾಭ. ಪಾಲಿಹೌಸ್ ಒಳಗಿನ ಗಿಡವನ್ನು ಮಾತ್ರ ನೀವೇ ಅಲುಗಾಡಿಸಬೇಕು.

ಮಾವಿನ ತೋಪು, ಕಲಘಟಗಿ

ಜೇನುಪೆಟ್ಟಿಗೆ ಇಟ್ಟರೆ ಸಾಲದಾ? ತರಬೇತಿಯೂ ಸಿಗುತ್ತದೆ, ತುಪ್ಪವೂ ಸಿಗುತ್ತದೆ.

ಮಸಾರಿ ಹೊಲ, ಮುಂಡರಗಿ

ಅಣ್ಣಾ, ಪೆಟ್ಟಿಗೆ ಜೇನು ಸಾಕಿದ್ದೇನೆ, ಬೇಡ ಅನ್ನಲ್ಲ. ಸೂರ್ಯಕಾಂತಿಗೆ, ಗುರೆಳ್ಳಿಗೆ, ಉಳ್ಳಾಗಡ್ಡಿ ಬೀಜಕ್ಕೆ ಅದು ಒಳ್ಳೇದು. ಆದರೆ ಅದು ಸಾಕಣೆ, ಆಕಳು ಸಾಕಿದ ಹಾಗೆಯೇ. ಆಕಳು ಕಟ್ಟಿ ಕೃಷ್ಣಮೃಗ ಉಳಿಸಿದೆ ಅನ್ನೋಕೆ ಬರುತ್ತದಾ? ಬೇಸಿಗೆಯಲ್ಲಿ ಹೂವು ಕಮ್ಮಿ ಇರುವಾಗ ಒಂದೇ ಕಡೆ ಪೆಟ್ಟಿಗೆ ಗುಡ್ಡೆ ಹಾಕಿದರೆ ಒಂಟಿ ದುಂಬಿಗಳ ಪಾಲಿಗೆ ಕತ್ತರಿಯೇ.

ಬ್ಯಾಡಗಿ ಖಾರ

ಔಷಧದ ಮಾತು ಯಾರೂ ಎತ್ತಲಿಲ್ಲ. ನಾವು ಹೊಡೆಯದಿದ್ದರೆ ಥ್ರಿಪ್ಸ್ ಹುಳ, ಎಲೆ ಮುಟುರು ರೋಗ, ಬೆಳೆ ಕೈಗೆ ಸಿಗಲ್ಲ. ಕೃಷಿಮೇಳದಲ್ಲಿ ಕೇಳಿದರೆ ಸಂಜೆ ಹೊಡೆಯಿರಿ, ಜೇನಿಗೆ ತೊಂದರೆ ಇಲ್ಲ ಅನ್ನುತ್ತಾರೆ.

ಕೀಟದ ಹುಚ್ಚಿ, ಧಾರವಾಡ

ಜೇನಿಗೆ ಅದು ಸರಿಯಾದ ಸಲಹೆ. ಗುಂಗಿಗೆ ಅರ್ಧ ಮಾತ್ರ ಸರಿ. ಅದು ನಸುಕಿನಲ್ಲೇ ಏಳುತ್ತದೆ, ಬಿಸಿಲು ಏರಿದಾಗ ತಣ್ಣಗೆ ಗೂಡಲ್ಲಿ ಇದ್ದು ಸಂಜೆ ಮತ್ತೆ ಹೊರಡುತ್ತದೆ. ಮಹಾರಾಷ್ಟ್ರದ ಭೀಮಾಶಂಕರದ ಕಾಡಿನಲ್ಲಿ ಒಂದು ಜಾತಿ ಚಂದ್ರನಿಲ್ಲದ ರಾತ್ರಿಯಲ್ಲೂ ಹಾರುತ್ತದೆ. ಹಾಗಾಗಿ ಸಂಜೆ ಅಂದರೆ ಸೂರ್ಯ ಮುಳುಗಿ ಕತ್ತಲಾದ ಮೇಲೆ. ಬದುವಿನ ಹೂವಿಗೆ ಔಷಧದ ತುಂತುರು ಬೀಳದಂತೆ ಗಾಳಿ ನೋಡಿ ಹೊಡೆಯೋದು ಅದಕ್ಕಿಂತ ಮುಖ್ಯ.

ಔಷಧದ ಜಾತಿಯೂ ನೋಡಬೇಕು. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥವು ಗಿಡದ ರಸದಲ್ಲಿ ಸೇರಿ ಮಕರಂದಕ್ಕೂ ಪರಾಗಕ್ಕೂ ಬರುತ್ತವೆ. ಹೊತ್ತು ನೋಡಿ ಹೊಡೆದರೂ ಅದು ಒಳಗೇ ಇರುತ್ತದೆ. ಯುರೋಪಿನ ಒಕ್ಕೂಟ 2018ರಲ್ಲಿ ಇವೆರಡನ್ನೂ ಕ್ಲೋಥಿಯಾನಿಡಿನ್ ಅನ್ನೂ ಬಯಲಿನ ಬೆಳೆಗೆ ಬಳಸದಂತೆ ತಡೆಯಿತು. ಇಲ್ಲಿ ಅಂಗಡಿಯವನು ಕೊಟ್ಟದ್ದೇ ಪ್ರಸಾದ. ಹೂ ಬಿಡುವ ಹೊತ್ತಿನಲ್ಲಾದರೂ ಇವನ್ನು ಬಿಡಿ. ನೀಲಿ ಅಂಟುಹಾಳೆ ಮೊದಲೇ ಕಟ್ಟಿ, ಥ್ರಿಪ್ಸ್ ಎಷ್ಟಿದೆ ನೋಡಿಕೊಂಡು ಹೊಡೆದರೆ ನಿಮಗೂ ದುಡ್ಡು ಉಳಿಯುತ್ತದೆ.

ಬ್ಯಾಡಗಿ ಖಾರ

ಹೇಳೋದು ಸುಲಭ ತಂಗಿ. ಪಕ್ಕದ ಹೊಲದವನು ಹೊಡೆದು ನಾನು ಬಿಟ್ಟರೆ ಹುಳವೆಲ್ಲ ನನ್ನ ಹೊಲಕ್ಕೇ. ಹಾಳೆ ಕಟ್ಟಿ ನೋಡುತ್ತೇನೆ. ಔಷಧ ಪೂರ್ತಿ ಬಿಡುತ್ತೇನೆ ಅಂತ ಮಾತು ಕೊಡಲ್ಲ.

ಗುಡ್ಡದ ಹಾದಿ, ಶಿರಹಟ್ಟಿ

ಕಪ್ಪತಗುಡ್ಡದ ಮಾತು ಬಂದದ್ದರಿಂದ ಹೇಳುತ್ತೇನೆ. ಬೇಸಿಗೆಯ ಬೆಂಕಿ ದೊಡ್ಡ ಸಮಸ್ಯೆ. ಒಣಹುಲ್ಲಿಗೆ ಯಾರೋ ಬೀಡಿ ಎಸೆಯುತ್ತಾರೆ, ಹೊಸ ಹುಲ್ಲು ಚಿಗುರಲಿ ಅಂತ ಹಚ್ಚುವವರೂ ಇದ್ದಾರೆ. ಹುಲ್ಲು ಮಳೆ ಬಿದ್ದರೆ ಮತ್ತೆ ಬರುತ್ತದೆ. ಒಣಗಿ ನಿಂತ ಮರ, ಟೊಂಗೆ ಸುಟ್ಟರೆ ಗುಂಗಿಯ ಗೂಡು ಮೊಟ್ಟೆ ಸಮೇತ ಹೋಗುತ್ತದೆ. ಇಲಾಖೆಯವರು ಬೆಂಕಿಗೆರೆ ಹೊಡೆಯುತ್ತಾರೆ, ಊರವರು ಜೊತೆಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಬಿಲ್ಬೆರಿ ದುಂಬಿಗೂ ಬೆಂಕಿ ಕಾಟ ಇದೆ ಅಂತ ಓದಿದಾಗ ಅದೇ ನೆನಪಾಯಿತು.

ಇನ್ನೊಂದು ಮಾತು. ಎಣಿಸೋಕೆ ಅಂತ ಗುಂಪು ಕಟ್ಟಿಕೊಂಡು ನೇರ ಗುಡ್ಡ ಹತ್ತಬೇಡಿ. ವನ್ಯಜೀವಿಧಾಮ, ಅನುಮತಿ ಬೇಕು.

ಸುಮಾ, ಸಾಧನಕೇರಿ

ಎಣಿಕೆಯ ಮಾತಿಗೇ ಬರೋಣ. ಎಲ್ಲರೂ ಕಮ್ಮಿಯಾಗಿದೆ ಅನ್ನುತ್ತೇವೆ, ಎಲ್ಲಿಂದ ಎಲ್ಲಿಗೆ ಇಳಿಯಿತು ಅಂತ ಕೇಳಿದರೆ ಯಾರ ಹತ್ತಿರವೂ ಕಾಗದ ಇಲ್ಲ. ಇಂಗ್ಲೆಂಡಿನಲ್ಲಿ ಗಿಡ್ಡ ಕೂದಲಿನ ಒಂದು ಬಂಬಲ್‌ಬೀ ಇತ್ತು. ಕೊನೆಯ ಸಲ ಕಂಡದ್ದು 1988ರಲ್ಲಿ. ಅಳಿದಿದೆ ಅಂತ ಘೋಷಿಸಿದ್ದು 2000ದಲ್ಲಿ. 2012ರಲ್ಲಿ ಸ್ವೀಡನ್ನಿನಿಂದ ರಾಣಿಗಳನ್ನು ತಂದು ಬಿಡಬೇಕಾಯಿತು. ಬರೆದಿಡುವ ರೂಢಿ ಇದ್ದ ಊರಲ್ಲೇ ಈ ಗತಿ.

ನಾನು ಯೋಚಿಸಿದ್ದು ಹೀಗೆ. ಧಾರವಾಡದಲ್ಲಿ ಕೆಲಗೇರಿ ಕೆರೆ ದಂಡೆ, ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆ, ಹಾವೇರಿಯಲ್ಲಿ ಹೆಗ್ಗೇರಿ, ಹೊಲ ಇದ್ದವರಿಗೆ ಅವರದೇ ಬದು. ಒಂದು ಕಿಲೋಮೀಟರ್ ಸಾಕು. ತಿಂಗಳಿಗೊಮ್ಮೆ, ಅದೇ ದಾರಿ, ಅದೇ ಹೊತ್ತು.

ಕೀಟದ ಹುಚ್ಚಿ, ಧಾರವಾಡ

ಹೊತ್ತು ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಇಟ್ಟುಕೊಳ್ಳಿ. ಮಳೆ, ಜೋರು ಗಾಳಿ ಇದ್ದರೆ ಮರುದಿನಕ್ಕೆ ಹಾಕಿ. ಹುಳ ಯಾವ ಹೂವಿನ ಮೇಲೆ ಇತ್ತು ಅನ್ನೋದನ್ನು ತಪ್ಪದೆ ಬರೆಯಿರಿ. ಮುಂದೆ ಬದುವಿಗೆ ಏನು ಹಾಕಬೇಕು ಅನ್ನೋದು ಅದರಿಂದಲೇ ತಿಳಿಯುತ್ತದೆ. ಯುಗಾದಿ ಹೊತ್ತಿಗೆ ಹೊಂಗೆ, ಮಳೆ ಮುಗಿದ ಮೇಲೆ ತೊಗರಿ, ವರ್ಷಪೂರ್ತಿ ಎಕ್ಕೆ. ನಡುವೆ ಯಾವ ತಿಂಗಳು ಹೂವು ಖಾಲಿ ಅಂತ ಕಂಡರೆ ಅಲ್ಲಿಗೆ ಗಿಡ ಹುಡುಕೋಣ.

ಕಪ್ಪು, ಹಳದಿ ಬೆನ್ನು, ಬಂಗಾರದ ಬಣ್ಣ, ಹೀಗೆ ಮೂರು ಕಲಮು ಸಾಕು. ಜಾತಿ ಹೆಸರು ಬೇಡ. ಹೆಣ್ಣಿನ ಹೊಟ್ಟೆಯ ಮೇಲೆ ಸಣ್ಣ ನುಸಿಗಳು ಕಂಡರೆ ರೋಗ ಅಂದುಕೊಳ್ಳಬೇಡಿ. ಕೆಲವು ಗುಂಗಿಗಳಿಗೆ ಅವನ್ನು ಇಟ್ಟುಕೊಳ್ಳೋಕೇ ಒಂದು ಕುಳಿ ಇರುತ್ತದೆ.

ಮಾವಿನ ತೋಪು, ಕಲಘಟಗಿ

ಮೊಬೈಲ್ ಫೋಟೊ ಸಾಕಲ್ವಾ? ಪಟ್ಟಿ ಯಾರು ಬರೀತಾರೆ?

ಸುಮಾ, ಸಾಧನಕೇರಿ

ಫೋಟೊದಲ್ಲಿ ಸಿಕ್ಕ ಹುಳ ಮಾತ್ರ ಇರುತ್ತದೆ. ಏನೂ ಕಾಣದ ದಿನ ಯಾರೂ ಫೋಟೊ ಹಾಕಲ್ಲ. ನಮಗೆ ಆ ಸೊನ್ನೆಯೂ ಬೇಕು. ಪಟ್ಟಿ ನಾನು ಬರೆಯುತ್ತೇನೆ, ನೀವು ಸಂಖ್ಯೆ ಕಳಿಸಿ.

ಮಸಾರಿ ಹೊಲ, ಮುಂಡರಗಿ

ನನ್ನದು ಬರೆದುಕೊಳ್ಳಿ. ತಂತಿ ಇರುವ ಬದಿ ಒಂದು, ಗಿಡ ಇರುವ ಬದಿ ಒಂದು, ಎರಡನ್ನೂ ಬೇರೆ ಬೇರೆ ಎಣಿಸುತ್ತೇನೆ. ಈ ಮಳೆಗೆ ತಂತಿಯ ಗುಂಟ ತಂಗಡಿ ಬೀಜ ಚೆಲ್ಲುತ್ತೇನೆ, ತೊಗರಿಯ ಅಕ್ಕಡಿ ಸಾಲೂ ಹಾಕುತ್ತೇನೆ. ತಂಗಡಿಗೆ ಆಡು ಬಾಯಿ ಹಾಕೋದು ಕಮ್ಮಿ, ಅದೇ ಲಾಭ.

ಕಿರಣ್, ಹುಬ್ಬಳ್ಳಿ

ಬಡಿಗೇರ ಕಾಕಾ, ಕೊನೇ ಪ್ರಶ್ನೆ. ಮರಿಗಳೆಲ್ಲ ಹಾರಿಹೋದವು ಅಂತ ಗೊತ್ತಾಗೋದು ಹೇಗೆ? ನಮ್ಮ ಕಾಕಾ ಗೂಟ ಹೊಡೆಯೋಕೆ ಸುತ್ತಿಗೆ ಹಿಡಿದೇ ಕೂತಿದ್ದಾರೆ.

ಬಡಿಗೇರ ಕಾಕಾ, ಗದಗ

ತೂತಿನ ಬಾಯಿಗೆ ಸಂಜೆ ತೆಳ್ಳನೆಯ ಕಾಗದದ ಚೂರು ಅಂಟಿಸಿ. ಬೆಳಗ್ಗೆ ಹರಿದಿದ್ದರೆ ಒಳಗೆ ಹುಳ ಇದೆ, ಬಿಟ್ಟುಬಿಡಿ. ಒಂದು ಸಲ ನೋಡಿ ಸುಮ್ನಾಗಬೇಡಿ, ಒಳಗೆ ಮರಿ ಬೆಳೆಯುತ್ತಿದ್ದರೆ ಕಾಗದ ಹಾಗೇ ಇರುತ್ತದೆ. ತಿಂಗಳೆರಡು ತಿಂಗಳು ಬಿಟ್ಟು ಬಿಟ್ಟು ನೋಡಿ, ಕೆಳಗೆ ಹೊಸ ಹುಡಿ ಬೀಳುತ್ತಿಲ್ಲ, ಹೋಗಿಬರೋದು ನಿಂತಿದೆ ಅಂತ ಆದ ಮೇಲೆ ಸುತ್ತಿಗೆ ತಗೊಳ್ಳಲಿ. ಹಿತ್ತಲ ತುಂಡನ್ನು ಅದಕ್ಕಿಂತ ಮೊದಲೇ ಕಟ್ಟಿರಬೇಕು.

ತುಂಡು ಬೇಕಾದವರು ನಮ್ಮ ಅಡ್ಡೆಗೆ ಬನ್ನಿ. ಕೆಡವಿದ ಮನೆಗಳ ಹಳೇ ತೊಲೆಯ ಚೂರು ಹಿಂದೆ ಬಿದ್ದಿವೆ, ದುಡ್ಡು ಬೇಡ. ಅಮಾವಾಸ್ಯೆ ದಿನ ಕೆಲಸ ಇರಲ್ಲ, ಬಾಗಿಲು ಹಾಕಿರುತ್ತೇವೆ. ಬಣ್ಣ ಹಚ್ಚಿದ ಕಟ್ಟಿಗೆ ಕೇಳಬೇಡಿ, ಕೊಡಲ್ಲ. ಅದಕ್ಕೆ ಹುಳ ಬರಲ್ಲ, ನೀವು ಬಂದು ನನ್ನ ಜೊತೆ ಜಗಳ ಆಡುತ್ತೀರಿ.